ಸ್ಟ್ರಾನ್ಷಿಯಂ ಬಿಲ್ಲೆ, ಕ್ಯಾಲ್ಸಿಯಂ ಬಿಲ್ಲೆ

ತೊಂಬತ್ತರ ದಶಕದ ಕೊನೆಯಲ್ಲಿ ಎಂ.ಎಸ್ಸಿ. ಪ್ರಾಜೆಕ್ಟ್‌ಗೆ ನನಗೆ ಸಿಕ್ಕಿದ್ದು ಲ್ಯಾಂಥನಮ್ ಮ್ಯಾಂಗನೈಟ್, ಅಂದರೆ ಲ್ಯಾಂಥನಮ್, ಮ್ಯಾಂಗನೀಸ್, ಆಮ್ಲಜನಕ ಸೇರಿದ ಆಕ್ಸೈಡ್. ಗೆಳೆಯರೆಲ್ಲ ಆರ್ಗ್ಯಾನಿಕ್ ಲ್ಯಾಬಿನಲ್ಲಿ ಬಣ್ಣಬಣ್ಣದ ಹರಳು ತೆಗೆಯುತ್ತಿದ್ದರೆ ನನ್ನದು ಬರೀ ಕಪ್ಪು ಪುಡಿ. ಅರೆ, ಸುಡು, ಮತ್ತೆ ಅರೆ, ಕೊನೆಗೆ ಒತ್ತಿ ಬಿಲ್ಲೆ ಮಾಡಿ ಸುಡು. ಅಸಿಟೋನ್ ಹನಿಸುತ್ತಾ ಅಗೇಟ್ ಖಲ್ಬತ್ತಿನಲ್ಲಿ ಅರೆದೂ ಅರೆದೂ ಮಣಿಕಟ್ಟು ಹಿಡಿದುಕೊಳ್ಳುತ್ತಿತ್ತು.

ತೂಕದ ವಿಷಯದಲ್ಲಿ ಮೇಷ್ಟ್ರು ಬಲು ಬಿಗಿ. ಲ್ಯಾಂಥನಮ್ ಆಕ್ಸೈಡ್ ಗಾಳಿಯ ತೇವವನ್ನೂ ಇಂಗಾಲದ ಡೈಆಕ್ಸೈಡನ್ನೂ ಹೀರಿಕೊಳ್ಳುತ್ತದೆ. ಡಬ್ಬಿಯಿಂದ ತೆಗೆದು ಹಾಗೇ ತೂಗಿದರೆ ಲೆಕ್ಕವೇ ಸುಳ್ಳು. ಫರ್ನೇಸಿನಲ್ಲಿ ಚೆನ್ನಾಗಿ ಕಾಯಿಸಿ, ಆರಿದ ಕೂಡಲೇ ತೂಗಬೇಕು. "ಇಲ್ಲಿ ಎಡವಿದರೆ ಮುಂದಿನದೆಲ್ಲ ಬೇರೆ ಯಾವುದೋ ವಸ್ತುವಿನ ಪ್ರಾಜೆಕ್ಟ್ ಕಣಯ್ಯಾ" ಅನ್ನುತ್ತಿದ್ದರು.

ಲ್ಯಾಂಥನಮ್ ಮ್ಯಾಂಗನೈಟ್ ತಾನಾಗಿ ವಿದ್ಯುತ್ ಹರಿಯಗೊಡುವುದಿಲ್ಲ, ಅಯಸ್ಕಾಂತಕ್ಕೂ ಅಂಟುವುದಿಲ್ಲ. ನೂರು ಲ್ಯಾಂಥನಮ್‌ಗಳಲ್ಲಿ ಮೂವತ್ತನ್ನು ತೆಗೆದು ಆ ಜಾಗಕ್ಕೆ ಸ್ಟ್ರಾನ್ಷಿಯಂ ಕೂರಿಸಿದರೆ, ಲ್ಯಾಂಥನಮ್‌ನ ಧನ ಆವೇಶ ಮೂರು, ಸ್ಟ್ರಾನ್ಷಿಯಂನದು ಎರಡೇ; ಆ ಕೊರತೆ ತುಂಬಲು ಅಷ್ಟೇ ಮ್ಯಾಂಗನೀಸ್ ಅಯಾನುಗಳ ಆವೇಶ ಮೂರರಿಂದ ನಾಲ್ಕಕ್ಕೆ ಏರುತ್ತದೆ. ಆಗ ಎಲೆಕ್ಟ್ರಾನು ಆಮ್ಲಜನಕದ ಮೂಲಕ ಒಂದು ಮ್ಯಾಂಗನೀಸಿನಿಂದ ಇನ್ನೊಂದಕ್ಕೆ ಓಡಾಡುತ್ತದೆ. ಎರಡರ ಸ್ಪಿನ್ನೂ, ಅಂದರೆ ಒಳಗಿನ ಪುಟಾಣಿ ಅಯಸ್ಕಾಂತವೂ, ಒಂದೇ ದಿಕ್ಕಿಗಿದ್ದರೆ ಓಡಾಟ ಸಲೀಸು. ಹಾಗಾಗಿ ವಾಹಕತೆ, ಕಾಂತತ್ವ ಜೋಡಿಯಾಗಿಯೇ ಬರುತ್ತವೆ. 1950ರಲ್ಲಿ ಹಾಲೆಂಡಿನ ಫಿಲಿಪ್ಸ್ ಪ್ರಯೋಗಾಲಯದ ಯೋಂಕರ್, ವಾನ್ ಸಾಂಟೆನ್ ಇದನ್ನು ಕಂಡರು, ಮರುವರ್ಷ ಅಮೆರಿಕದ ಭೌತವಿಜ್ಞಾನಿ ಜೀನರ್ ಕಾರಣ ಕೊಟ್ಟರು. ನಮ್ಮ ಕಾಲಕ್ಕೆ ಇದಕ್ಕೆ ಎರಡನೇ ಜನ್ಮ, ಬೆಂಗಳೂರಿನಲ್ಲಿ ಸಿ.ಎನ್.ಆರ್. ರಾವ್ ಅವರ ತಂಡವೂ ಇದರ ಬೆನ್ನು ಹತ್ತಿತ್ತು.

ಒಂದು ಮಧ್ಯಾಹ್ನ ಮೇಷ್ಟ್ರು ಹಳೇ ಸ್ಪೀಕರಿನಿಂದ ಕಿತ್ತ ಅಯಸ್ಕಾಂತ ತಂದರು. (ಅದೂ ಆಕ್ಸೈಡೇ, ಫೆರೈಟ್.) ಸ್ಟ್ರಾನ್ಷಿಯಂ ಬಿಲ್ಲೆ ಟಪ್ಪನೆ ಅಂಟಿಕೊಂಡಿತು. ಸ್ಟ್ರಾನ್ಷಿಯಂ ಬದಲು ಕ್ಯಾಲ್ಸಿಯಂ ಹಾಕಿದ ಬಿಲ್ಲೆ ಮಿಸುಕಲಿಲ್ಲ. ಅದನ್ನು ಭೌತಶಾಸ್ತ್ರ ವಿಭಾಗದಿಂದ ತಂದ ದ್ರವ ನೈಟ್ರೋಜನ್‌ನಲ್ಲಿ ಅದ್ದಿ, ಬುಳುಬುಳು ನಿಂತ ಮೇಲೆ ಚಿಮಟದಲ್ಲಿ ಎತ್ತಿ ಹಿಡಿದರು. ಈಗ ಅದೂ ಅಂಟಿತು! ಮೇಲೆ ಬೆಳ್ಳಗೆ ಹಿಮ ಕಟ್ಟಿತು. ಸ್ವಲ್ಪ ಹೊತ್ತಿಗೆ, ಹಿಮ ಪೂರ್ತಿ ಕರಗುವ ಮೊದಲೇ, ಬಿಲ್ಲೆ ಮೇಜಿನ ಮೇಲೆ ಬಿತ್ತು.

ನನ್ನ ತಲೆ ಕೆಟ್ಟಿತು. ಎರಡರಲ್ಲೂ ನೂರಕ್ಕೆ ಮೂವತ್ತೇ, ಆವೇಶವೂ ಎರಡೇ. ಆದರೂ ಕಾಂತತ್ವ ಕಳೆದುಹೋಗುವ ಉಷ್ಣತೆ ಸ್ಟ್ರಾನ್ಷಿಯಂಗೆ ಸುಮಾರು 370 ಕೆಲ್ವಿನ್, ಅಂದರೆ ನೀರು ಕುದಿಯುವ ಹತ್ತಿರ. ಕ್ಯಾಲ್ಸಿಯಂಗೆ 250ರ ಆಸುಪಾಸು, ನೀರು ಹೆಪ್ಪುಗಟ್ಟುವುದಕ್ಕಿಂತಲೂ ಕೆಳಗೆ. ಮೇಷ್ಟ್ರು ಬೋರ್ಡಿನ ಮೇಲೆ ಮ್ಯಾಂಗನೀಸ್, ಆಮ್ಲಜನಕ, ಮ್ಯಾಂಗನೀಸ್ ಎಂದು ಮೂರು ಸುನ್ನೆ ಬರೆದು ಗೆರೆ ಎಳೆದರು. ಕ್ಯಾಲ್ಸಿಯಂ ಸಣ್ಣದು; ಅದು ಕೂತ ಕಡೆ ಸುತ್ತಲಿನ ಚೌಕಟ್ಟು ಕುಗ್ಗಿ ಆ ಗೆರೆ ಹೆಚ್ಚು ಬಾಗುತ್ತದೆ, ಎಲೆಕ್ಟ್ರಾನಿನ ದಾರಿ ಇಕ್ಕಟ್ಟಾಗುತ್ತದೆ.

"ಹಾಗಾದರೆ ಬೇರಿಯಂ ಇನ್ನೂ ದೊಡ್ಡದು. ಹಾಕಿದರೆ 370 ದಾಟಬೇಕಲ್ಲ ಸಾರ್?"

"ಮಾಡಿ ನೋಡು" ಎಂದರು. ಉತ್ತರ ಅವರಿಗೆ ಗೊತ್ತಿತ್ತು ಎಂಬುದು ನನಗೆ ಆಮೇಲೆ ಹೊಳೆಯಿತು. ಬೇರಿಯಂನದು 340ರ ಸುಮಾರಿಗೇ ನಿಲ್ಲುತ್ತದೆ: ಲ್ಯಾಂಥನಮ್‌ಗೂ ಅದಕ್ಕೂ ಗಾತ್ರದಲ್ಲಿ ಅಜಗಜಾಂತರ, ಎರಡೂ ಒಂದೇ ಬಗೆಯ ಜಾಗ ಹಂಚಿಕೊಂಡಾಗ ಆಮ್ಲಜನಕಗಳು ಅಲ್ಲೊಂದು ಇಲ್ಲೊಂದು ಪಕ್ಕಕ್ಕೆ ಸರಿದು ದಾರಿ ಮತ್ತೆ ಕೆಡುತ್ತದೆ. ಅದಕ್ಕಾಗಿ ಇನ್ನೊಂದು ಸುತ್ತು ಅರೆದೆ.