ಎಜಿಎಂ ಬ್ಯಾಟರಿ ಹಾಕಿಸುವ ಮುಂಚೆ ಗಾಡಿಯನ್ನು ನೋಡಿ

ಬ್ಯಾಟರಿ ಬದಲಾಯಿಸಲು ಬರುವವರು ಸಾಮಾನ್ಯವಾಗಿ ಎರಡು ಪ್ರಶ್ನೆ ಕೇಳುತ್ತಾರೆ. ಎಷ್ಟು ಎಎಚ್ (ಆಂಪಿಯರ್-ಅವರ್, ಅಂದರೆ ಬ್ಯಾಟರಿ ಎಷ್ಟು ಚಾರ್ಜ್ ಹಿಡಿಯುತ್ತದೆ ಎಂಬ ಲೆಕ್ಕ)? ಎಷ್ಟು ವರ್ಷ ವಾರಂಟಿ? ನಾನು ಆಟೋ ಎಲೆಕ್ಟ್ರಿಷಿಯನ್. ಈ ಎರಡಕ್ಕೂ ಉತ್ತರ ಕೊಡುವ ಮುಂಚೆ ನಾನು ಗಾಡಿಯ ಬಗ್ಗೆ ಕೇಳುತ್ತೇನೆ. ಕಂಪನಿಯಿಂದ ಯಾವ ಬಗೆಯ ಬ್ಯಾಟರಿ ಬಂದಿತ್ತು, ಅದು ಎಲ್ಲಿ ಕೂರುತ್ತದೆ, ಗಾಡಿ ದಿನಾ ಓಡುತ್ತದಾ ಅಥವಾ ನಿಂತೇ ಇರುತ್ತದಾ. ಎಜಿಎಂ (ಆಬ್ಸಾರ್ಬೆಂಟ್ ಗ್ಲಾಸ್ ಮ್ಯಾಟ್, ಆಸಿಡ್ ಅನ್ನು ಗಾಜಿನೆಳೆಯ ಹೊದಿಕೆಯಲ್ಲಿ ಹೀರಿಸಿಟ್ಟ ಬ್ಯಾಟರಿ) ವಿಷಯದಲ್ಲಂತೂ ಇವು ಗೊತ್ತಿಲ್ಲದೆ ಬ್ಯಾಟರಿ ಆರಿಸಿದರೆ ದುಡ್ಡು ಕೊಟ್ಟೂ ಸುಖವಿಲ್ಲ.

ಒಮ್ಮೆ ಒಬ್ಬರು ಕಾರು ತಂದರು. ಸಿಗ್ನಲ್‌ನಲ್ಲಿ ನಿಂತಾಗ ಎಂಜಿನ್ ತಾನೇ ಆಫ್ ಆಗಿ, ಮತ್ತೆ ತಾನೇ ಸ್ಟಾರ್ಟ್ ಆಗುವ ಸ್ಟಾರ್ಟ್-ಸ್ಟಾಪ್ ಗಾಡಿ ಅದು. ಹೊಸ ಬ್ಯಾಟರಿ ಹಾಕಿಸಿದ ಮೇಲೆ ಆ ಸೌಲಭ್ಯವೇ ಕೆಲಸ ಮಾಡುತ್ತಿಲ್ಲ ಎಂಬುದು ಅವರ ದೂರು. ಡಿಕ್ಕಿಯ ನೆಲದ ಹಲಗೆ ಎತ್ತಿದೆ. ಎಜಿಎಂ ಇರಬೇಕಾದ ಜಾಗದಲ್ಲಿ ಸಾಮಾನ್ಯ ಮೇಂಟೆನೆನ್ಸ್-ಫ್ರೀ ಬ್ಯಾಟರಿ ಕೂತಿತ್ತು. ಪಕ್ಕದಲ್ಲಿ ಪುಟ್ಟ ರಬ್ಬರ್ ಕೊಳವೆಯೊಂದು ಯಾವುದಕ್ಕೂ ಸೇರದೆ ನೇತಾಡುತ್ತಿತ್ತು.

"ಇದೂ ಸೀಲ್ಡ್ ಬ್ಯಾಟರಿನೇ ಅಲ್ವಾ ಸರ್?" ಎಂದು ಅವರು ಕೇಳಿದರು.

ಸೀಲ್ಡ್ ಹೌದು, ಎಜಿಎಂ ಅಲ್ಲ. ಈ ಗೊಂದಲ ನಮ್ಮ ಕೆಲಸದಲ್ಲಿ ದಿನಾ ಸಿಗುತ್ತದೆ. ಮೇಲೆ ಮುಚ್ಚಳ ಇಲ್ಲ, ನೀರು ಹಾಕಬೇಕಿಲ್ಲ ಅಂದ ಮಾತ್ರಕ್ಕೆ ಒಳಗಿನದು ಒಂದೇ ಆಗುವುದಿಲ್ಲ. ಸಾಮಾನ್ಯ ಮೇಂಟೆನೆನ್ಸ್-ಫ್ರೀ ಬ್ಯಾಟರಿಯ ಒಳಗೆ ಆಸಿಡ್ ದ್ರವವಾಗಿಯೇ ತುಂಬಿರುತ್ತದೆ, ನೀರು ಆರುವುದು ನಿಧಾನ ಅಷ್ಟೇ. ಕೆಲವದರ ಮೇಲೆ ಹಸಿರು-ಕಪ್ಪು ತೋರಿಸುವ ಚಿಕ್ಕ ಕಣ್ಣು ಇರುತ್ತದೆ. ಅದು ಕೆಲಸ ಮಾಡಬೇಕಾದರೆ ಒಳಗೆ ದ್ರವ ಬೇಕೇ ಬೇಕು. ಹಾಗಾಗಿ ಆ ಕಣ್ಣು ಇದ್ದರೆ ಅದು ಎಜಿಎಂ ಅಲ್ಲ ಎಂದು ತಿಳಿಯಬಹುದು. ಇನ್ನು ಕೆಲವರು ಎಜಿಎಂ ಅನ್ನೇ ಜೆಲ್ ಬ್ಯಾಟರಿ ಅನ್ನುತ್ತಾರೆ. ಜೆಲ್ ಬೇರೆ. ಅದರಲ್ಲಿ ಆಸಿಡ್‌ಗೆ ಸಿಲಿಕಾ ಬೆರೆಸಿ ಗಟ್ಟಿ ಮಾಡಿರುತ್ತಾರೆ, ಚಾರ್ಜಿಂಗ್ ವೋಲ್ಟೇಜ್ ಕೂಡ ಕಡಿಮೆ ಇರಬೇಕು.

ಎಜಿಎಂ ಒಳಗೆ ಏನಿದೆ ಎಂದು ನನಗೆ ಸರಿಯಾಗಿ ಅರ್ಥವಾದದ್ದು ತರಬೇತಿಯಲ್ಲಿ, ಅಡ್ಡ ಕೊಯ್ದಿಟ್ಟ ಮಾದರಿಯೊಂದನ್ನು ಕೈಯಲ್ಲಿ ಹಿಡಿದಾಗ. ಸೀಸದ ಪ್ಲೇಟುಗಳ ನಡುವೆ ಬಿಳಿ ಹಾಳೆಗಳು. ಮುಟ್ಟಿದರೆ ದಪ್ಪ ಬ್ಲಾಟಿಂಗ್ ಪೇಪರ್ ಮುಟ್ಟಿದ ಹಾಗೆ. ಅದು ಕೂದಲಿಗಿಂತ ಎಷ್ಟೋ ತೆಳುವಾದ ಗಾಜಿನ ಎಳೆಗಳ ಹೊದಿಕೆ. ಆಸಿಡ್ ಪೂರ್ತಿ ಅದರೊಳಗೆ ಹೀರಿಕೊಂಡಿರುತ್ತದೆ, ಚೆಲ್ಲಾಡುವ ದ್ರವ ಇರುವುದಿಲ್ಲ. ಆದರೆ ಹೊದಿಕೆಯನ್ನು ಪೂರ್ತಿ ತೋಯಿಸಿರುವುದಿಲ್ಲ, ಬೇಕಂತಲೇ ಸ್ವಲ್ಪ ಖಾಲಿ ರಂಧ್ರ ಬಿಟ್ಟಿರುತ್ತಾರೆ. ಇಡೀ ಯುಕ್ತಿ ಇರುವುದು ಆ ಖಾಲಿ ಜಾಗದಲ್ಲೇ. ಚಾರ್ಜ್ ಆಗುವಾಗ ಪಾಸಿಟಿವ್ ಪ್ಲೇಟಿನಲ್ಲಿ ಹುಟ್ಟುವ ಆಮ್ಲಜನಕ ಆ ರಂಧ್ರಗಳ ಮೂಲಕ ನೆಗೆಟಿವ್ ಪ್ಲೇಟಿಗೆ ಹೋಗುತ್ತದೆ. ಅಲ್ಲಿ ಮತ್ತೆ ನೀರಾಗುತ್ತದೆ. ಗಾಳಿಗೆ ಹೋಗಬೇಕಾದ ನೀರು ಒಳಗೇ ಉಳಿಯುತ್ತದೆ.

ಇದರಿಂದ ಇನ್ನೆರಡು ಲಾಭ. ಪ್ಲೇಟು, ಹೊದಿಕೆ ಎರಡನ್ನೂ ಬಿಗಿಯಾಗಿ ಒತ್ತಿ ಕೂರಿಸಿರುತ್ತಾರೆ, ಹಾಗಾಗಿ ಗಾಡಿ ಎಷ್ಟು ಕುಲುಕಿದರೂ ಪ್ಲೇಟಿನ ವಸ್ತು ಅಷ್ಟು ಸುಲಭವಾಗಿ ಉದುರುವುದಿಲ್ಲ. ಒಳಗಿನ ರೆಸಿಸ್ಟೆನ್ಸ್ ಕಡಿಮೆ, ಆದ್ದರಿಂದ ಸೆಲ್ಫ್ ಹೊಡೆದಾಗ ಜೋರಾಗಿ ಕರೆಂಟ್ ಕೊಡುತ್ತದೆ, ಚಾರ್ಜ್ ಅನ್ನೂ ಬೇಗ ತೆಗೆದುಕೊಳ್ಳುತ್ತದೆ. ಸ್ಟಾರ್ಟ್-ಸ್ಟಾಪ್ ಗಾಡಿಯಲ್ಲಿ ಬ್ಯಾಟರಿ ಸದಾ ಅರ್ಧಂಬರ್ಧ ಚಾರ್ಜ್‌ನಲ್ಲೇ ದುಡಿಯುತ್ತದೆ. ಹಾಗೆ ದುಡಿದರೆ ದ್ರವ ತುಂಬಿದ ಬ್ಯಾಟರಿಯಲ್ಲಿ ಭಾರದ ಆಸಿಡ್ ತಳಕ್ಕೆ ಇಳಿಯುತ್ತದೆ, ಪ್ಲೇಟಿನ ಕೆಳಭಾಗ ಬೇಗ ಹಾಳಾಗುತ್ತದೆ. ಎಜಿಎಂನಲ್ಲಿ ಹೊದಿಕೆ ಆಸಿಡ್ ಅನ್ನು ಹಿಡಿದಿಟ್ಟುಕೊಳ್ಳುವುದರಿಂದ ಆ ತೊಂದರೆ ಬಹಳ ಕಡಿಮೆ.

ಡಿಕ್ಕಿಯಲ್ಲಿ ನೇತಾಡುತ್ತಿದ್ದ ಕೊಳವೆಯ ವಿಷಯಕ್ಕೆ ಬರುತ್ತೇನೆ. ಎಜಿಎಂ ಪೂರ್ತಿ ಮುಚ್ಚಿದ ಡಬ್ಬಿ ಅಲ್ಲ. ಅದರಲ್ಲಿ ವಾಲ್ವ್ ಇದೆ. ಚಾರ್ಜಿಂಗ್ ವೋಲ್ಟೇಜ್ ಅತಿಯಾದರೆ ಗ್ಯಾಸ್ ಹುಟ್ಟುವ ವೇಗಕ್ಕೆ ಅದು ಮತ್ತೆ ನೀರಾಗುವುದಿಲ್ಲ. ಒತ್ತಡ ಏರಿ ವಾಲ್ವ್ ತೆರೆಯುತ್ತದೆ, ಹೈಡ್ರೋಜನ್ ಹೊರಗೆ ಬರುತ್ತದೆ. ಬ್ಯಾಟರಿ ಸೀಟಿನ ಕೆಳಗೋ ಡಿಕ್ಕಿಯಲ್ಲೋ ಇದ್ದರೆ ಆ ಗ್ಯಾಸ್ ಗಾಡಿಯ ಹೊರಗೆ ಹೋಗಲೇಬೇಕು. ಆ ಕೊಳವೆ ಇರುವುದು ಅದಕ್ಕೆ. ಆ ಕಾರಿನಲ್ಲಿ ಸಾಮಾನ್ಯ ಬ್ಯಾಟರಿ ಹಾಕಿದ್ದಲ್ಲದೆ ಕೊಳವೆಯನ್ನೂ ಜೋಡಿಸದೆ ಬಿಟ್ಟಿದ್ದರು. ಹಿಂದಿನ ಸೀಟಿನಲ್ಲಿ ಮಕ್ಕಳು ಕೂರುವ ಗಾಡಿ ಅದು. ಇಂಥದ್ದನ್ನು ನೋಡಿದರೆ ನನಗೆ ನಿಜಕ್ಕೂ ಸಿಟ್ಟು ಬರುತ್ತದೆ.

ನನ್ನ ನಿಯಮ ಸರಳ. ಕಂಪನಿ ಎಜಿಎಂ ಕೊಟ್ಟಿದ್ದರೆ ಎಜಿಎಂ ಅನ್ನೇ ಹಾಕಬೇಕು. ಕಂಪನಿ ಇಎಫ್‌ಬಿ (ದ್ರವ ಆಸಿಡ್‌ನದ್ದೇ, ಆದರೆ ಸ್ಟಾರ್ಟ್-ಸ್ಟಾಪ್‌ಗೆಂದು ಗಟ್ಟಿಗೊಳಿಸಿದ ಬ್ಯಾಟರಿ) ಕೊಟ್ಟಿದ್ದರೆ ಇಎಫ್‌ಬಿ ಹಾಕಬಹುದು, ಜಾಗವೂ ಚಾರ್ಜಿಂಗೂ ಹೊಂದಿದರೆ ಎಜಿಎಂಗೆ ಏರಬಹುದು. ಇಳಿಯಬಾರದು. ಹೊಸ ಬ್ಯಾಟರಿ ಕೂರಿಸಿದ ಮೇಲೆ ಎಷ್ಟೋ ಗಾಡಿಗಳಲ್ಲಿ ಸ್ಕ್ಯಾನರ್ ಹಾಕಿ ಅದನ್ನು ಕಂಪ್ಯೂಟರ್‌ಗೆ ತಿಳಿಸಬೇಕಾಗುತ್ತದೆ. ತಿಳಿಸದಿದ್ದರೆ ಗಾಡಿ ಹಳೆಯ, ಸುಸ್ತಾದ ಬ್ಯಾಟರಿ ಇದೆ ಎಂದುಕೊಂಡೇ ಚಾರ್ಜ್ ಮಾಡುತ್ತಿರುತ್ತದೆ. ಬೇರೆ ಬಗೆಯ ಬ್ಯಾಟರಿ ಹಾಕಿದ್ದರೆ ಬಗೆಯನ್ನೂ ಬದಲಿಸಿ ಬರೆಯಬೇಕು.

ಸ್ಟಾರ್ಟ್-ಸ್ಟಾಪ್ ಇಲ್ಲದ ಹಳೆಯ ಗಾಡಿಗೆ ಎಜಿಎಂ ಬೇಕಾ? ಇಲ್ಲಿ ನಾನು ಮಲ್ಟಿಮೀಟರ್ ತೆಗೆಯುತ್ತೇನೆ. ಎಂಜಿನ್ ಓಡುವಾಗ ಟರ್ಮಿನಲ್ ಮೇಲೆ ಎಷ್ಟು ವೋಲ್ಟ್ ಬರುತ್ತಿದೆ ಎಂಬುದೇ ಮುಖ್ಯ. ಎಜಿಎಂ ಪೂರ್ತಿ ತುಂಬಲು ಸುಮಾರು 14.4ರಿಂದ 14.8 ವೋಲ್ಟ್ ಬೇಕು. ಚಾರ್ಜಿಂಗ್ ವೋಲ್ಟೇಜ್ ಹತೋಟಿಯಲ್ಲಿಡುವ ಹಳೆಯ ರೆಗ್ಯುಲೇಟರ್ 13.8ರ ಆಸುಪಾಸಿನಲ್ಲೇ ನಿಂತರೆ ಎಜಿಎಂ ಯಾವತ್ತೂ ಹೊಟ್ಟೆ ತುಂಬ ಚಾರ್ಜ್ ಆಗುವುದಿಲ್ಲ. ನಿಧಾನಕ್ಕೆ ಪ್ಲೇಟಿನ ಮೇಲೆ ಸಲ್ಫೇಟ್ ಗಟ್ಟಿಯಾಗುತ್ತದೆ. ಅದೇ ರೆಗ್ಯುಲೇಟರ್ ಕೆಟ್ಟು 15 ವೋಲ್ಟ್ ದಾಟಿಸಿದರೆ ಒಳಗೆ ಒಣಗುತ್ತದೆ. ಹೋದ ನೀರನ್ನು ಮತ್ತೆ ಹಾಕುವ ದಾರಿ ಇಲ್ಲ. ಇಂಥ ಗಾಡಿಗೆ ಒಳ್ಳೆಯ ಸಾಮಾನ್ಯ ಬ್ಯಾಟರಿಯೇ ಸಾಕು ಎಂದು ನಾನು ಹೇಳಿಬಿಡುತ್ತೇನೆ. ಜಾಸ್ತಿ ಬೆಲೆಯದನ್ನು ಮಾರುವ ಅವಕಾಶ ಹೋಗುತ್ತದೆ, ಪರವಾಗಿಲ್ಲ.

ಒಂದು ಎಚ್ಚರಿಕೆ. ಹೊಸ ಗಾಡಿಗಳಲ್ಲಿ ಬ್ಯಾಟರಿ ಚಾರ್ಜ್ ಮಾಡುವ ಆಲ್ಟರ್ನೇಟರ್ ಒಂದೇ ವೋಲ್ಟೇಜ್ ಕೊಡುವುದಿಲ್ಲ. ಬ್ರೇಕ್ ಹಾಕಿದಾಗ ಏರಿಸುತ್ತದೆ, ಸಲೀಸಾಗಿ ಓಡುವಾಗ ಇಳಿಸುತ್ತದೆ. ಸುಮ್ನೆ ಒಂದು ಸಲ 12.7 ತೋರಿಸಿತು ಅಂತ ಆಲ್ಟರ್ನೇಟರ್ ಕೆಟ್ಟಿದೆ ಅನ್ನಬೇಡಿ.

ಬಿಸಿಯ ಮಾತೂ ಇದೆ. ಲೆಡ್-ಆಸಿಡ್ ಬ್ಯಾಟರಿಗೆ 25 ಡಿಗ್ರಿಯ ಮೇಲೆ ಸುಮಾರು 10 ಡಿಗ್ರಿ ಏರಿದಂತೆಲ್ಲ ಆಯಸ್ಸು ಹತ್ತಿರಹತ್ತಿರ ಅರ್ಧವಾಗುತ್ತದೆ ಎಂಬುದು ನಮ್ಮ ಕ್ಷೇತ್ರದಲ್ಲಿ ಎಲ್ಲರೂ ಇಟ್ಟುಕೊಂಡಿರುವ ಅಂದಾಜು. ಎಜಿಎಂನಲ್ಲಿ ಪ್ಲೇಟಿನ ಸುತ್ತ ಶಾಖ ಹೊತ್ತೊಯ್ಯುವ ದ್ರವ ಇಲ್ಲ, ಆದ್ದರಿಂದ ಅದು ಬಿಸಿಗೆ ಇನ್ನೂ ಸೂಕ್ಷ್ಮ. ಬಾನೆಟ್ ಒಳಗೇ ಕೂರುವುದಾದರೆ ಸುತ್ತಲಿನ ಶಾಖ ತಡೆಯುವ ಹೊದಿಕೆಯನ್ನು ತೆಗೆದು ಬಿಸಾಡಬೇಡಿ. ಬ್ಯಾಟರಿ ಬದಲಿಸುವಾಗ ಕಳೆದುಹೋಗುವ ಮೊದಲ ವಸ್ತು ಅದೇ.

ಇನ್ನು ಸ್ಟಿಕ್ಕರ್. ಎಎಚ್ ಅನ್ನುವುದು 20 ಗಂಟೆಯ ಲೆಕ್ಕ. 70 ಎಎಚ್ ಎಂದರೆ 3.5 ಆಂಪಿಯರ್ ಅನ್ನು 20 ಗಂಟೆ ಕೊಡಬಲ್ಲದು. ಸಿಸಿಎ ಅನ್ನುವುದು ಸೆಲ್ಫ್ ಎತ್ತುವ ತಾಕತ್ತು, ಮೈನಸ್ 18 ಡಿಗ್ರಿಯಲ್ಲಿ ಅಳೆದದ್ದು. ಒಂದೇ ಬ್ಯಾಟರಿಗೆ ಎಸ್‌ಎಇ, ಇಎನ್, ಡಿಐಎನ್ ಎಂಬ ಬೇರೆ ಬೇರೆ ಮಾನದಂಡಗಳ ಅಳತೆಯಲ್ಲಿ ಬೇರೆ ಬೇರೆ ಸಂಖ್ಯೆ ಬರುತ್ತದೆ. ಹಳೆಯ ಡಿಐಎನ್ ಸಂಖ್ಯೆ ತುಂಬಾ ಕಡಿಮೆ ಕಾಣುತ್ತದೆ. ಎರಡು ಬ್ಯಾಟರಿ ಹೋಲಿಸುವಾಗ ಅಳತೆ ಒಂದೇನಾ ಎಂದು ನೋಡಿ, ಟೆಸ್ಟರ್‌ನಲ್ಲೂ ಅದನ್ನೇ ಆರಿಸಿ, ಬಗೆಯನ್ನು ಎಜಿಎಂ ಎಂದು ಒತ್ತಿ. ಇಲ್ಲದಿದ್ದರೆ ಒಳ್ಳೆಯ ಬ್ಯಾಟರಿಯೂ ಫೇಲ್ ಎಂದು ಬರುತ್ತದೆ. ಉದ್ದ, ಎತ್ತರ, ಪಾಸಿಟಿವ್ ಯಾವ ಕಡೆ, ಕೆಳಗಿನ ಕ್ಲ್ಯಾಂಪ್ ಹಿಡಿಯುತ್ತದಾ, ಇವನ್ನು ಹಳೆಯದರ ಪಕ್ಕ ಇಟ್ಟು ನೋಡಿದರೆ ಮುಗಿಯಿತು.

ಕ್ಯಾಂಪಿಂಗ್ ಗಾಡಿಯಲ್ಲಿ ಫ್ರಿಜ್, ಲೈಟ್ ಓಡಿಸುವವರಿಗೆ ಸಿಸಿಎ ಅಷ್ಟು ಮುಖ್ಯ ಅಲ್ಲ. ಅವರಿಗೆ ದಪ್ಪ ಪ್ಲೇಟಿನ ಡೀಪ್ ಸೈಕಲ್ ಎಜಿಎಂ, ಅಂದರೆ ಪದೇ ಪದೇ ಆಳಕ್ಕೆ ಖಾಲಿ ಮಾಡಿ ತುಂಬಿಸಬಹುದಾದದ್ದು, ಬೇಕು. ಸ್ಟಾರ್ಟಿಂಗ್ ಎಜಿಎಂ ಅನ್ನು ಪದೇ ಪದೇ ಅರ್ಧಕ್ಕಿಂತ ಕೆಳಗೆ ಇಳಿಸಿದರೆ ಅದು ಬಾಳುವುದಿಲ್ಲ.

ನಿಂತೇ ಇರುವ ಗಾಡಿಗಳ ಬಗ್ಗೆ ಸ್ವಲ್ಪ ಹೆಚ್ಚು ಹೇಳಬೇಕು, ಯಾಕೆಂದರೆ ಚೆನ್ನಾಗಿರುವ ಎಜಿಎಂಗಳು ಗುಜರಿಗೆ ಹೋಗುವುದು ಇಲ್ಲಿಂದಲೇ. ವಾರಗಟ್ಟಲೆ ನಿಂತಿದ್ದ ಕಾರಿನ ಬ್ಯಾಟರಿಯೊಂದು ನಮ್ಮ ಬೆಂಚಿಗೆ ಬಂತು. ಮೀಟರ್‌ನಲ್ಲಿ 9 ವೋಲ್ಟ್‌ಗಿಂತ ಕಡಿಮೆ. ನಮ್ಮ ಹುಡುಗ ಚಾರ್ಜರ್ ಹಾಕಿ ಕೂಗಿದ, "ಅಣ್ಣ, ಇದು ಸತ್ತಿದೆ, ಚಾರ್ಜರ್ ತಗೊಳ್ತಾನೇ ಇಲ್ಲ."

"ತಾಳು. ಆ ಚೆನ್ನಾಗಿರೋ ಬ್ಯಾಟರಿ ತಗೊಂಡ್ ಬಾ."

ಸ್ಮಾರ್ಟ್ ಚಾರ್ಜರ್‌ಗೆ ಎದುರಿಗೆ ಒಂದಷ್ಟು ವೋಲ್ಟೇಜ್ ಕಾಣದಿದ್ದರೆ ಅಲ್ಲಿ ಬ್ಯಾಟರಿಯೇ ಇಲ್ಲ ಎಂದುಕೊಳ್ಳುತ್ತದೆ. ಹಾಗಾಗಿ ಒಳ್ಳೆಯ 12 ವೋಲ್ಟ್ ಬ್ಯಾಟರಿಯೊಂದನ್ನು ಪ್ಲಸ್‌ಗೆ ಪ್ಲಸ್, ಮೈನಸ್‌ಗೆ ಮೈನಸ್ ಜೋಡಿಸಿದೆವು. ಗಾಳಿ ಆಡುವ ಜಾಗದಲ್ಲಿ, ಕಣ್ಣಿಗೆ ಕನ್ನಡಕ ಹಾಕಿಕೊಂಡು. ಆಮೇಲೆ ಚಾರ್ಜರ್ ಹಾಕಿದೆವು. ಹುಡುಗನಿಗೆ ಒಂದೇ ಕೆಲಸ ಕೊಟ್ಟೆ: ಆಗಾಗ ಬ್ಯಾಟರಿಯ ಪಕ್ಕ ಕೈ ಇಟ್ಟು ನೋಡು, ಬಿಸಿಯಾದರೆ ಅಥವಾ ಬುಸ್ಸೆಂದರೆ ಮೊದಲು ಚಾರ್ಜರ್ ಆಫ್ ಮಾಡು. ಬಿಸಿಯಾಗಲಿಲ್ಲ. ವೋಲ್ಟೇಜ್ ಮೇಲೆ ಬಂದ ಮೇಲೆ ಆಸರೆಯ ಬ್ಯಾಟರಿ ಬಿಡಿಸಿ, ಎಜಿಎಂ ಮೋಡ್‌ನಲ್ಲಿ ರಾತ್ರಿಯಿಡೀ ನಿಧಾನಕ್ಕೆ ತುಂಬಿಸಿದೆವು. ಚಾರ್ಜರ್ ತೆಗೆದ ತಕ್ಷಣದ ರೀಡಿಂಗ್ ನಂಬಬಾರದು. ಕೆಲವು ಗಂಟೆ ಬಿಟ್ಟು ನೋಡಿದಾಗ 12.8 ನಿಂತಿತ್ತು. ಟೆಸ್ಟರ್ ಪಾಸ್ ಎಂದಿತು. ಎಲ್ಲವೂ ಹೀಗೆ ಏಳುವುದಿಲ್ಲ. ಎಷ್ಟು ಚಾರ್ಜ್ ಮಾಡಿದರೂ 10.5ರ ಹತ್ತಿರವೇ ನಿಂತರೆ ಒಂದು ಸೆಲ್ ಶಾರ್ಟ್ ಆಗಿದೆ ಎಂದೇ ಲೆಕ್ಕ, ಅದನ್ನು ಬಿಟ್ಟುಬಿಡಬೇಕು. ತಿಂಗಳುಗಟ್ಟಲೆ ಖಾಲಿ ಬಿದ್ದಿದ್ದವು ಎದ್ದರೂ ಮೊದಲಿನ ಹಾಗೆ ಇರುವುದಿಲ್ಲ.

ಆ ಬ್ಯಾಟರಿ ಖಾಲಿಯಾದದ್ದು ಯಾಕೆ ಅಂತಲೂ ನೋಡಿದೆವು. ಲಾಕ್ ಮಾಡಿ ಬಿಟ್ಟ ಗಾಡಿಯಲ್ಲೂ ಅಲಾರಂ, ಕಂಪ್ಯೂಟರ್ ಅಂತ ಸ್ವಲ್ಪ ಕರೆಂಟ್ ಹೋಗುತ್ತಲೇ ಇರುತ್ತದೆ. 50 ಮಿಲಿ ಆಂಪಿಯರ್ ಒಳಗಿದ್ದರೆ ಸರಿ ಅನ್ನುತ್ತೇವೆ. ಆದರೆ ಆ 50 ಕೂಡ ದಿನಕ್ಕೆ 1.2 ಎಎಚ್ ತಿನ್ನುತ್ತದೆ. 30 ದಿನಕ್ಕೆ 36 ಎಎಚ್. 70 ಎಎಚ್ ಬ್ಯಾಟರಿಯ ಅರ್ಧ ಅಲ್ಲೇ ಹೋಯಿತು, ಯಾವ ದೋಷವೂ ಇಲ್ಲದೆ. ಆ ಕಾರಿನಲ್ಲಿ ಡ್ಯಾಶ್ ಕ್ಯಾಮೆರಾ ಬೇರೆ ರಾತ್ರಿ-ಹಗಲು ಎಳೆಯುತ್ತಿತ್ತು. ಗಾಡಿ ನಿಲ್ಲಿಸುವವರಿಗೆ ದೊಡ್ಡ ಬ್ಯಾಟರಿಗಿಂತ ಎಜಿಎಂ ಮೋಡ್ ಇರುವ ಸಣ್ಣ ಚಾರ್ಜರ್ ಒಳ್ಳೆಯದು. ಅದನ್ನು ಹಾಕುವಾಗ ನೆಗೆಟಿವ್ ಕ್ಲಿಪ್ ಅನ್ನು ಬ್ಯಾಟರಿಯ ಟರ್ಮಿನಲ್ ಕಂಬಕ್ಕೆ ಹಾಕದೆ ಬಾಡಿಯ ಅರ್ತ್ ಬೋಲ್ಟಿಗೆ ಹಾಕಿ. ಕಂಬದ ಮೇಲೆ ಸೆನ್ಸರ್ ಇದ್ದರೆ ಒಳಗೆ ಹೋದ ಚಾರ್ಜ್ ಆಗ ಮಾತ್ರ ಅದರ ಲೆಕ್ಕಕ್ಕೆ ಸಿಗುತ್ತದೆ.

ಕೊಳ್ಳುವಾಗ ಕೊನೆಯದಾಗಿ ಇದೊಂದು ಮಾಡಿ. ತಯಾರಾದ ದಿನಾಂಕದ ಕೋಡ್ ಓದಿಸಿ, ನಿಮ್ಮೆದುರಿಗೇ ಮೀಟರ್ ಹಾಕಿಸಿ. 12.8ರ ಹತ್ತಿರ ಇದ್ದರೆ ತೆಗೆದುಕೊಳ್ಳಿ. 12.5ಕ್ಕೆ ಇಳಿದಿದ್ದರೆ ಚಾರ್ಜ್ ಮಾಡಿ ಕೊಡಿ ಎಂದು ಹೇಳಿ, ಇಲ್ಲವೇ ಬೇರೆ ಕೇಳಿ. ನಾನು ಕೂರಿಸಿದ ಪ್ರತಿ ಬ್ಯಾಟರಿಯ ಮೊದಲ ವೋಲ್ಟೇಜ್ ಮತ್ತು ಟೆಸ್ಟರ್ ತೋರಿಸಿದ ಸಿಸಿಎ ಎರಡನ್ನೂ ವಾರಂಟಿ ಕಾರ್ಡಿನ ಹಿಂದೆ ಬರೆದು ಕೊಡುತ್ತೇನೆ. ಮುಂದೆ ಯಾವತ್ತಾದರೂ ತೊಂದರೆ ಬಂದರೆ ಹೋಲಿಸಿ ನೋಡಲು ಅದು ಬೇಕಾಗುತ್ತದೆ.