ಮ್ಯೂಆನ್ ಎಣಿಸಿದ ರಾತ್ರಿ

ಭೂಮಿಯ ಕಾಂತಕ್ಷೇತ್ರ ಸುಮಾರು ಅರ್ಧ ಗಾಸ್. ನಾವು ಅತಿವಾಹಕದೊಳಗೆ, ಅಂದರೆ ತೀರಾ ತಣ್ಣಗಾದಾಗ ಕರೆಂಟಿಗೆ ಪ್ರತಿರೋಧವೇ ಒಡ್ಡದ ವಸ್ತುವಿನೊಳಗೆ, ಹುಡುಕಲು ಹೋಗಿದ್ದು ಅದರ ಐದನೇ ಒಂದು ಪಾಲಿನಷ್ಟು, ಇಲ್ಲವೇ ಅದಕ್ಕಿಂತಲೂ ಕಡಿಮೆ ಇರುವ ಕ್ಷೇತ್ರವನ್ನು. ಹಾಗಾಗಿ ಮೊದಲು ಭೂಮಿಯ ಬಾಯಿ ಮುಚ್ಚಿಸಬೇಕು. ಅದಕ್ಕೆ ಅಂತಲೇ ಸ್ಯಾಂಪಲ್ ಸುತ್ತ ಮೂರು ದಿಕ್ಕಿಗೂ ತಂತಿಯ ಸುರುಳಿಗಳಿವೆ. ಅವುಗಳಲ್ಲಿ ಸರಿಯಾಗಿ ಅಳೆದು ಕರೆಂಟ್ ಹರಿಸಿದರೆ ನಡುವೆ ಕ್ಷೇತ್ರ ಸೊನ್ನೆ. ಪಕ್ಕದ ಪ್ರಯೋಗದವರು ತಮ್ಮ ಅಯಸ್ಕಾಂತ ಆನ್ ಮಾಡಿದರೂ ನಮ್ಮ ಸೊನ್ನೆ ಅಲ್ಲಾಡುತ್ತದೆ. ಅದನ್ನು ಗಮನಿಸಿ ಸರಿ ಮಾಡುವ ಕೆಲಸ ಯಂತ್ರದ್ದೇ. ಪರದೆ ಮೇಲೆ ಆ ಮೂರು ಅಂಕಿಗಳು ಸೊನ್ನೆಯ ಹತ್ತಿರ ತೂಗಾಡುವುದನ್ನು ನೋಡುತ್ತಾ ನಮ್ಮ ನೈಟ್ ಶಿಫ್ಟ್ ಶುರುವಾಯಿತು.

ಜಾಗ ಇಂಗ್ಲೆಂಡಿನ ಆಕ್ಸ್‌ಫರ್ಡ್‌ಶೈರ್‌ನಲ್ಲಿರುವ ರುದರ್‌ಫರ್ಡ್ ಆ್ಯಪಲ್‌ಟನ್ ಪ್ರಯೋಗಾಲಯ. ಅಲ್ಲಿನ ಐಸಿಸ್ ಕೇಂದ್ರದಲ್ಲಿ ಮ್ಯೂಆನ್ ಎಂಬ, ಎಲೆಕ್ಟ್ರಾನಿನ ಜಾತಿಯದ್ದೇ ಆದರೂ ಅದಕ್ಕಿಂತ ಭಾರವಾದ ಕಣಗಳನ್ನು ತಯಾರಿಸಿ ಪ್ರಯೋಗಕ್ಕೆ ಕೊಡುತ್ತಾರೆ. ನಮ್ಮ ದೇಶದಲ್ಲಿ ಈ ಸೌಲಭ್ಯ ಇಲ್ಲ. ನಮ್ಮ ಈ ಪ್ರಯಾಣಕ್ಕೆ ಕೇಂದ್ರದ ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆಯ ದುಡ್ಡು, ಅದರ ಉಸ್ತುವಾರಿ ಬೆಂಗಳೂರು ಜಕ್ಕೂರಿನ ಜವಾಹರಲಾಲ್ ನೆಹರೂ ಕೇಂದ್ರದ್ದು. ಅರ್ಜಿ ಹಾಕಿ, ಸಮಿತಿ ಒಪ್ಪಿ, ದಿನ ಗೊತ್ತಾಗುವ ಹೊತ್ತಿಗೆ ನಾವು ಏನು ಬರೆದಿದ್ದೆವು ಅಂತ ನಮಗೇ ಮರೆತಿರುತ್ತದೆ. ಸಿಗುವ ಬೀಮ್‌ಟೈಮ್, ಅಂದರೆ ಕಣಗಳ ಧಾರೆ ನಮ್ಮ ಪಾಲಿಗಿರುವ ಹೊತ್ತು, ಕೆಲವೇ ದಿನ. ಅದರಲ್ಲಿ ರಾತ್ರಿ ಹಗಲು ಅಂತ ಲೆಕ್ಕ ಇಲ್ಲ.

ನಮ್ಮ ಸ್ಯಾಂಪಲ್ ರೀನಿಯಂ ಜೊತೆ ಇನ್ನೊಂದು ಲೋಹ ಸೇರಿಸಿದ್ದು. ರೀನಿಯಂ ಕರಗಲು 3,180 ಡಿಗ್ರಿ ಸೆಲ್ಸಿಯಸ್ ಆಸುಪಾಸು ಬಿಸಿ ಬೇಕು. ಲೋಹಗಳಲ್ಲಿ ಟಂಗ್‌ಸ್ಟನ್ ಬಿಟ್ಟರೆ ಇದೇ ಹಟಮಾರಿ. ಆರ್ಗಾನ್ ತುಂಬಿದ ಆರ್ಕ್ ಫರ್ನೇಸಿನಲ್ಲಿ, ನೀರಿನಿಂದ ತಣ್ಣಗಿಟ್ಟ ತಾಮ್ರದ ಗುಳಿಯಲ್ಲಿ ಕರಗಿಸಿ, ಆರಿಸಿ, ಮಗುಚಿ ಹಾಕಿ, ಮತ್ತೆ ಕರಗಿಸಬೇಕು. ಹೀಗೆ ಮಾಡಿದ ಬೆಳ್ಳಗಿನ ಗುಂಡನ್ನು ಕುಟ್ಟಿ ಪುಡಿ ಮಾಡಿ, ಅಂಟು ವಾರ್ನಿಷ್‌ನಲ್ಲಿ ಕಲಸಿ, ಬೆಳ್ಳಿಯ ತಗಡಿನ ಮೇಲೆ ಬಳಿದೆವು. ಬೆಳ್ಳಿಯೇ ಯಾಕೆ ಅಂದರೆ, ಗುರಿ ತಪ್ಪಿ ಅದರೊಳಗೆ ಬಿದ್ದ ಮ್ಯೂಆನ್‌ಗೆ ಹೆಚ್ಚುಕಮ್ಮಿ ಏನೂ ಆಗುವುದಿಲ್ಲ. ತಗಡನ್ನು ಹೀಲಿಯಂನಿಂದ ತೀರಾ ತಣ್ಣಗಿಡುವ ಕ್ರಯೋಸ್ಟಾಟ್‌ನೊಳಗೆ ಇಳಿಸಿದ ಮೇಲೆ ಅದು ಕಣ್ಣಿಗೆ ಬೀಳುವುದಿಲ್ಲ. ಆಮೇಲೆ ಇರುವುದೆಲ್ಲ ಪರದೆ.

ಮ್ಯೂಆನ್ ಏನೂ ಅಪರೂಪದ ಕಣ ಅಲ್ಲ. ಆಕಾಶದಿಂದ ಬೀಳುತ್ತಲೇ ಇರುತ್ತದೆ. ಅಂಗೈ ಚಾಚಿದರೆ ಸೆಕೆಂಡಿಗೆ ಒಂದೆರಡು ತೂರಿ ಹೋಗುತ್ತವೆ. ಕೋಲಾರದ ಚಿನ್ನದ ಗಣಿಯ ಆಳಕ್ಕಿಳಿದು ನಮ್ಮವರು ಇವನ್ನೇ ಎಣಿಸುತ್ತಿದ್ದರು. 1965ರಲ್ಲಿ ಅಲ್ಲಿ ವಾತಾವರಣದ ನ್ಯೂಟ್ರಿನೊ ಸುಳಿವು ಸಿಕ್ಕಿದ್ದೂ ಒಂದು ಮ್ಯೂಆನ್ ಮೂಲಕವೇ. ಆದರೆ ಆಕಾಶದ ಮ್ಯೂಆನ್‌ಗಳಿಗೆ ವೇಗ ಜಾಸ್ತಿ, ನಮ್ಮ ಪುಡಿಯಲ್ಲಿ ನಿಲ್ಲುವುದಿಲ್ಲ. ಐಸಿಸ್‌ನಲ್ಲಿ ಪ್ರೋಟಾನ್‌ಗಳನ್ನು ಗ್ರಾಫೈಟ್ ಹಲಗೆಗೆ ಬಡಿಸಿ ನಿಧಾನದ ಮ್ಯೂಆನ್ ಪಡೆಯುತ್ತಾರೆ. ಇವು ಒಂದು ಮಿಲಿಮೀಟರ್ ಕೂಡ ಒಳಗೆ ಹೋಗದೆ ನಿಲ್ಲುತ್ತವೆ. ಎಲ್ಲದರ ಸ್ಪಿನ್ ಕೂಡ (ಕಣದೊಳಗಿನ ಪುಟ್ಟ ದಿಕ್ಸೂಚಿ ಅನ್ನಿ) ಹುಟ್ಟುವಾಗಲೇ ಒಂದೇ ದಿಕ್ಕಿಗೆ.

ಸೆಕೆಂಡಿಗೆ 40 ಸಲ ಒಂದೊಂದು ಗುಂಪು ಬರುತ್ತದೆ. ಒಳಗೆ ನಿಂತ ಮ್ಯೂಆನ್ ಸರಾಸರಿ 2.2 ಮೈಕ್ರೊಸೆಕೆಂಡ್ ಬದುಕಿ, ಸಾಯುವಾಗ ಒಂದು ಪಾಸಿಟ್ರಾನ್, ಅಂದರೆ ಧನ ವಿದ್ಯುದಂಶದ ಎಲೆಕ್ಟ್ರಾನ್, ಉಗುಳುತ್ತದೆ. ತನ್ನ ಸ್ಪಿನ್ ಎತ್ತ ಮುಖ ಮಾಡಿತ್ತೋ ಹೆಚ್ಚಾಗಿ ಅತ್ತಲೇ. ಹಿಂದೆ ಮುಂದೆ ಸೇರಿ 64 ಡಿಟೆಕ್ಟರ್‌ಗಳು ಅದನ್ನು ಹಿಡಿಯುತ್ತವೆ. ಒಳಗೆ ಪುಟ್ಟ ಕಾಂತಕ್ಷೇತ್ರ ಇದ್ದರೆ ಸ್ಪಿನ್‌ಗಳು ಚೆದುರುತ್ತವೆ. ಹಿಂದಿನ ಎಣಿಕೆಗೂ ಮುಂದಿನ ಎಣಿಕೆಗೂ ಇರುವ ವ್ಯತ್ಯಾಸ ಬೇಗ ಕರಗುತ್ತದೆ. ಇಷ್ಟೇ ವಿದ್ಯೆ.

ಮಾಮೂಲಿ ಅತಿವಾಹಕದಲ್ಲಿ ಎಲೆಕ್ಟ್ರಾನ್‌ಗಳು ಜೋಡಿಯಾಗುವಾಗ ಒಂದರ ಸ್ಪಿನ್ ಮೇಲಕ್ಕೆ, ಇನ್ನೊಂದರದ್ದು ಕೆಳಕ್ಕೆ. ಕಾಂತ ಗುಣ ವಜಾ ಆಗುತ್ತದೆ. ಕೆಲವು ವಿಚಿತ್ರ ಅತಿವಾಹಕಗಳಲ್ಲಿ ಮಾತ್ರ, ಪ್ರತಿರೋಧ ಸೊನ್ನೆಯಾಗುವ ಆ ತಾಪದಲ್ಲೇ ಒಳಗೊಂದು ಸಣ್ಣ ಕ್ಷೇತ್ರ ತಾನಾಗಿ ಹುಟ್ಟುತ್ತದೆ. ರೀನಿಯಂ ಮತ್ತು ಜಿರ್ಕೋನಿಯಂ ಸೇರಿದ ಒಂದು ಲೋಹದಲ್ಲಿ 2014ರಲ್ಲಿ ಇದರ ಗುರುತು ಸಿಕ್ಕಿತ್ತು. ಅದರ ಸ್ಫಟಿಕಕ್ಕೆ ಸಮ್ಮಿತಿಯ ಕೇಂದ್ರ ಇಲ್ಲ, ಅಂದರೆ ಯಾವ ಬಿಂದುವಿನಿಂದ ನೋಡಿದರೂ ಎದುರುಬದುರು ಪರಮಾಣು ಜೋಡಣೆ ಒಂದೇ ಥರ ಇರುವುದಿಲ್ಲ. ಅದಕ್ಕೇ ಹೀಗೆ ಅಂತ ಎಲ್ಲರೂ ಅಂದುಕೊಂಡರು. 2018ರಲ್ಲಿ ನೋಡಿದರೆ ಬರೀ ರೀನಿಯಂನಲ್ಲೂ ಅದೇ ಗುರುತು! ಅದರ ಸ್ಫಟಿಕಕ್ಕೆ ಕೇಂದ್ರ ಇದೆ. ಟಂಗ್‌ಸ್ಟನ್ ಬೆರೆಸಿದ ರೀನಿಯಂನಲ್ಲಿ ಕೇಂದ್ರ ಇಲ್ಲದಿದ್ದರೂ ಗುರುತು ಇಲ್ಲ. ಈ ಗೊಂದಲಕ್ಕೆ ಇನ್ನೊಂದು ಸಾಕ್ಷಿ ಸೇರಿಸೋಣ ಅಂತ ನಾವು ಹೋಗಿದ್ದು.

ಮೊದಲ ಅಳತೆ ಅತಿವಾಹಕ ಆಗುವ ತಾಪಕ್ಕಿಂತ ಮೇಲೆ. ಆಮೇಲೆ 0.3 ಕೆಲ್ವಿನ್‌ಗೆ (ಮೈನಸ್ 273 ಡಿಗ್ರಿ ಸೆಲ್ಸಿಯಸ್ ಆಸುಪಾಸು) ಇಳಿಸಿ ಅದೇ ಅಳತೆ. ನಡುವೆ ಕೋಟಿಗಟ್ಟಲೆ ಎಣಿಕೆ ಸೇರುವವರೆಗೆ ಕಾಯಬೇಕು. ನನ್ನ ಜೊತೆ ಶಿಫ್ಟಿಗಿದ್ದವರು ಧಾರವಾಡದ ಕಡೆಯ ಸೀನಿಯರ್. ಅವಲಕ್ಕಿ ಡಬ್ಬಿ ಮುಚ್ಚಳ ತೆಗೆದು ಸ್ಟ್ರಾನ್ಷಿಯಂ ರುಥೆನೇಟ್ ಎಂಬ ಅತಿವಾಹಕದ ಕಥೆ ಶುರುಮಾಡಿದರು. ನಮ್ಮ ಕಸುಬಿನಲ್ಲಿ ಎಲ್ಲರಿಗೂ ಗೊತ್ತಿರುವ ಕಥೆ. ಆದರೂ ರಾತ್ರಿ ಎರಡು ಗಂಟೆಗೆ ಕೇಳಿದರೆ ಬೇರೆ ಥರ ಕೇಳುತ್ತದೆ.

ಇದರ ಅತಿವಾಹಕತೆಯನ್ನು 1994ರಲ್ಲಿ ಜಪಾನಿನ ಮಾಯೆನೊ ಮತ್ತು ಸಂಗಡಿಗರು ಕಂಡುಹಿಡಿದರು. 1.5 ಕೆಲ್ವಿನ್ ಸುಮಾರಿಗೆ ಅತಿವಾಹಕ. 1998ರಲ್ಲಿ ಎರಡು ಪ್ರಯೋಗ ಬಂದವು. ಒಂದು ಮ್ಯೂಆನ್‌ನದು, ಒಳಗೆ ಕ್ಷೇತ್ರ ಹುಟ್ಟುತ್ತದೆ ಅಂದಿತು. ಇನ್ನೊಂದು ರೇಡಿಯೊ ಪಲ್ಸ್ ಕಳಿಸಿ ಆಮ್ಲಜನಕದ ನ್ಯೂಕ್ಲಿಯಸ್ಸುಗಳನ್ನು ಮಾತಾಡಿಸುವ ಎನ್‌ಎಮ್‌ಆರ್. ಜೋಡಿಯಾದ ಮೇಲೂ ಎಲೆಕ್ಟ್ರಾನ್‌ಗಳ ಕಾಂತ ಗುಣ ಇಳಿಯುತ್ತಿಲ್ಲ, ಅಂದರೆ ಜೋಡಿಯಲ್ಲಿ ಸ್ಪಿನ್‌ಗಳು ಒಂದೇ ದಿಕ್ಕಿಗಿವೆ ಅಂತ ಅದರ ತೀರ್ಪು. ಎರಡೂ ಒಂದಕ್ಕೊಂದು ಹೊಂದಿದವು. ಇಪ್ಪತ್ತು ವರ್ಷ ಪಠ್ಯಪುಸ್ತಕದ ಮಾತಾಯಿತು.

2019ರಲ್ಲಿ ಲಾಸ್ ಏಂಜಲೀಸ್‌ನ ಸ್ಟುವರ್ಟ್ ಬ್ರೌನ್ ಅವರ ಗುಂಪು ಎನ್‌ಎಮ್‌ಆರ್ ಅನ್ನು ಮತ್ತೆ ಮಾಡಿತು. ಪಲ್ಸ್‌ನ ಶಕ್ತಿ ತಗ್ಗಿಸಿ ನೋಡಿದರೆ, ಇಳಿಯುವುದಿಲ್ಲ ಅಂದಿದ್ದು ಚೆನ್ನಾಗಿಯೇ ಇಳಿಯಿತು. ಮೊದಲು ಬಳಸುತ್ತಿದ್ದ ಪಲ್ಸ್‌ಗಳೇ ಹರಳನ್ನು ಕ್ಷಣಕಾಲ ಕಾಯಿಸಿ, ಅತಿವಾಹಕ ಸ್ಥಿತಿಯಿಂದ ಆಚೆ ದೂಡುತ್ತಿದ್ದವು.

"ಥಂಡಿ ಐತೇನು ಅಂತ ಮುಟ್ಟಿ ನೋಡಾಕ ಹೋದ್ರು, ಮುಟ್ಟಿದ ಕೈಯಿಂದನ ಅದು ಬೆಚ್ಚಗಾತು ನೋಡವಾ" ಅಂದರು ಸೀನಿಯರ್.

"ಹಂಗಾದ್ರೆ ಮ್ಯೂಆನ್ ಹೇಳಿದ್ದೂ ಸುಳ್ಳಾ ಸರ್?"

"ಅದs ತ್ರಾಸು. ಅದು ಸುಳ್ಳಾಗಿಲ್ಲ. ಒಂದು ಸಾಕ್ಷಿ ಬಿತ್ತು, ಇನ್ನೊಂದು ನಿಂತೈತಿ. ಕೇಸ್ ಮುಗದಿಲ್ಲ."

ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಅಂತಾರಲ್ವಾ, ಈ ಕೆಲಸದಲ್ಲಿ ಪ್ರತ್ಯಕ್ಷ ಕಾಣುವುದೇ ಇಲ್ಲ. ಹಾಗಿರುವಾಗ ಹಳೆಯ ಎನ್‌ಎಮ್‌ಆರ್ ಮಾಡಿದವರನ್ನು ಆಡಿಕೊಳ್ಳುವುದು ನನಗೆ ಸರಿ ಕಾಣುವುದಿಲ್ಲ. ಅಷ್ಟು ತಣ್ಣನೆಯ ಜಾಗದಲ್ಲಿ ಹರಳು ಮಾತ್ರ ಬಿಸಿಯಾಗಿ ಮತ್ತೆ ತಣಿದರೆ ಪಕ್ಕದ ಥರ್ಮಾಮೀಟರಿಗೆ ಗೊತ್ತಾಗುವುದು ಕಷ್ಟ.

ಬೆಳಗಿನ ಜಾವ ಎರಡನೇ ಎಣಿಕೆ ಮುಗಿಯಿತು. ಎರಡೂ ರೇಖೆಗಳನ್ನು ಒಂದೇ ಚಿತ್ರದಲ್ಲಿ ಹಾಕಿದೆ. ಬಿಸಿಯದ್ದಕ್ಕೆ ಕೆಂಪು, ತಣ್ಣನೆಯದ್ದಕ್ಕೆ ನೀಲಿ. ಕ್ಷೇತ್ರ ಹುಟ್ಟಿದ್ದರೆ ನೀಲಿ ತುಸು ಬೇಗ ಇಳಿಯಬೇಕು. ಇಳಿಯಲಿಲ್ಲ. ಕೆಂಪಿನ ಮೇಲೇ ಕೂತಿತ್ತು. ಕಣ್ಣಿಗೆ ಕಾಣದ ವ್ಯತ್ಯಾಸ ಲೆಕ್ಕದಲ್ಲಾದರೂ ಸಿಗಬಹುದು ಅಂತ ಫಿಟ್ ಮಾಡಿದೆವು. ಎರಡರ ಅಂತರ ಎರರ್ ಬಾರ್‌ನ, ಅಂದರೆ ಅಳತೆಯಲ್ಲಿ ಇದ್ದೇ ಇರುವ ಅನಿಶ್ಚಿತತೆಯ, ಒಳಗೇ ಇತ್ತು. ರೀನಿಯಂ ನ್ಯೂಕ್ಲಿಯಸ್‌ಗಳಿಂದ ಬರುವ ಮಾಮೂಲಿ ಇಳಿತ ಎರಡರಲ್ಲೂ ಇತ್ತು, ಅದರಾಚೆ ಏನೂ ಇಲ್ಲ.

ಅಲ್ಲಿನ ವಿಜ್ಞಾನಿ ಬೆಳಿಗ್ಗೆ ಬಂದವರೇ ಚಿತ್ರ ನೋಡಿ, ಚೊಕ್ಕ ಅಳತೆ ಅಂತ ಮೆಚ್ಚಿದರು. ನನಗೆ ಒಳಗೊಳಗೇ ಸಪ್ಪೆ. ಇದೆ ಅಂದರೆ ದೊಡ್ಡ ಜರ್ನಲ್, ಇಲ್ಲ ಅಂದರೆ ಚಿಕ್ಕದು. ಆ ರಾತ್ರಿಯ ದುಡಿಮೆ ಮಾತ್ರ ಎರಡಕ್ಕೂ ಒಂದೇ. ಉಳಿದ ಹೊತ್ತಲ್ಲಿ ಹೊರಗಿಂದ ಅಡ್ಡ ಕ್ಷೇತ್ರ ಕೊಟ್ಟು, ಅತಿವಾಹಕದೊಳಗೆ ಅದು ಎಷ್ಟು ಆಳಕ್ಕೆ ನುಸುಳುತ್ತದೆ ಅಂತ ಅಳೆದೆವು. ಅಲ್ಲೂ ಪಠ್ಯಪುಸ್ತಕದ ಅತಿವಾಹಕವೇ ಸಿಕ್ಕಿತು.

ಕೂತು ಪಟ್ಟಿ ಮಾಡಿದಾಗ ಒಂದು ವಿಷಯ ಕುತೂಹಲ ಹುಟ್ಟಿಸಿತು. ಗುರುತು ಸಿಕ್ಕ ಲೋಹಗಳಲ್ಲಿ ರೀನಿಯಂ ಪಾಲು ಜಾಸ್ತಿ. ಟಂಗ್‌ಸ್ಟನ್ ಬೆರೆತದ್ದರಲ್ಲಿ ಕಡಿಮೆ, ನಮ್ಮದರಲ್ಲೂ ಕಡಿಮೆ. ಇದನ್ನು ಬೇರೆಯವರೂ ಗಮನಿಸಿ ಬರೆದಿದ್ದಾರೆ. ಊರಿಗೆ ಬಂದ ಮೇಲೆ ರೀನಿಯಂ ಹೆಚ್ಚು ಹಾಕಿ ಇನ್ನೊಂದು ಗುಂಡು ಕರಗಿಸಿದೆವು. ಬೆಲೆ ಕೇಳಿ ಅಕೌಂಟ್ಸ್‌ನವರು ಹುಬ್ಬೇರಿಸಿದರು. ಹೊಸ ಅರ್ಜಿ ಈಗ ಸಮಿತಿ ಮುಂದಿದೆ.