ದರಕು ಗುಡಿಸಿದ ದಾರಿಯಲ್ಲಿ ಒಂದು ಓಟ

ಶಿರಸಿಯಿಂದ ಕುಮಟಾ ಕಡೆ ಹೊರಟರೆ, ದೇವಿಮನೆ ಘಟ್ಟ ಸಿಗುವ ಮುಂಚೆ ಸಣ್ಣ ಸಣ್ಣ ಊರುಗಳಿಗೆ ಹೋಗುವ ದಾರಿಗಳು ಒಡೆಯುತ್ತವೆ. ಅದರಲ್ಲೊಂದನ್ನು ಹಿಡಿದು ಹೋದೆವು. ಟಾರು ಮುಗಿಯಿತು, ಅಡಿಕೆ ತೋಟ ಮುಗಿಯಿತು, ಬೆಟ್ಟದ ನೆತ್ತಿಗೆ ಏರುವ ಕಾಲುದಾರಿ ಸಿಕ್ಕಿತು. ಊರಿನ ಹೆಸರು ಬೇಡ. ಯಾಣ ನೋಡಲು ಬರುವ ಕಾರುಗಳು ಯಾಣಕ್ಕೇ ಹೋಗಲಿ.

ಜೊತೆಗಿದ್ದವನು ಕಾರವಾರದ ಗೆಳೆಯ. ಅವನ ಓಟವೆಲ್ಲ ಟಾಗೋರ್ ಬೀಚಿನಲ್ಲಿ, ನೀರಂಚಿನ ಗಟ್ಟಿ ಮರಳಿನ ಮೇಲೆ. ಕಾರಿನಲ್ಲಿ ಬರುವಾಗ ಹೊಸ ಶೂ ಬಗ್ಗೆ ಜಾಸ್ತಿಯೇ ಹೇಳಿದ್ದ. ಮೊದಲ ಏರಿನಲ್ಲೇ ಮಾತು ನಿಂತಿತು.

ಜನವರಿ ಕೊನೆ, ಬೆಳಗಿನ ಚಳಿ. ಕೆಳಗಿನ ಮನೆಯ ಅಂಗಳದಲ್ಲಿ ಅಡಿಕೆ ಬೇಯುತ್ತಿತ್ತು. ತೊಗರಿನ, ಅಂದರೆ ಅಡಿಕೆ ಬೆಂದ ನೀರಿನ, ಆ ಒಗರು ವಾಸನೆ ಅರ್ಧ ಗುಡ್ಡದವರೆಗೂ ಹಿಂದೆಯೇ ಬಂತು.

ಈ ನೆತ್ತಿಯ ಬಹುಪಾಲು ಸೊಪ್ಪಿನ ಬೆಟ್ಟ. ಬ್ರಿಟಿಷರ ಕಾಲದಿಂದ ಬಂದ ವ್ಯವಸ್ಥೆ ಇದು. ಘಟ್ಟದ ಮೇಲೆ ಒಂದು ಎಕರೆ ಅಡಿಕೆ ತೋಟಕ್ಕೆ 9 ಎಕರೆವರೆಗೂ ಬೆಟ್ಟ. ನೆಲ ಸರ್ಕಾರದ್ದು, ಸೊಪ್ಪು, ದರಕು, ಹುಲ್ಲು ತೋಟದವರದ್ದು. ಒಣಗಿ ಉದುರಿದ ಎಲೆ, ಅಂದರೆ ದರಕು, ಕೊಟ್ಟಿಗೆಯಲ್ಲಿ ದನದ ಕಾಲಡಿ ಬಿದ್ದು, ಗೊಬ್ಬರವಾಗಿ ತೋಟ ಸೇರುತ್ತದೆ. ದಾರಿ ಸವೆದಿರುವುದೇ ಅದನ್ನು ಹೊತ್ತು ಓಡಾಡುವವರ ಕಾಲಿನಿಂದ. ನಮ್ಮಂಥ ಓಟಗಾರರು ಇಲ್ಲಿ ಸುಮ್ನೆ ನಡುವೆ ತೂರಿಕೊಂಡವರು.

ಗುಡಿಸದ ಬೆಟ್ಟದಲ್ಲಿ ಓಡುವುದು ಸುಲಭವಲ್ಲ. ಮತ್ತಿ, ಹೊನ್ನೆ, ಕವಲಿನ ಎಲೆಗಳು ಪಾದ ಮುಳುಗುವಷ್ಟು. ಒಣಗಿ ಸುರುಳಿಯಾದವು ಮೇಲೆ, ಇಬ್ಬನಿಗೆ ಮೆತ್ತಗಾದವು ಕೆಳಗೆ. ಮೇಲಿನದು ಚರಚರ ಅನ್ನುತ್ತದೆ, ಕೆಳಗಿನದು ಜಾರಿಸುತ್ತದೆ. ಅದರಡಿ ಬೇರಿದೆಯೋ, ಕಲ್ಲಿದೆಯೋ, ಬರೀ ಗುಂಡಿಯೋ, ಕಾಲಿಟ್ಟ ಮೇಲೇ ಗೊತ್ತಾಗುವುದು. ಹೆಜ್ಜೆ ಗಿಡ್ಡ ಮಾಡಿ, ಮೊಣಕಾಲು ಸಡಿಲ ಬಿಟ್ಟು, ಇಳಿಜಾರಿನಲ್ಲಿ ಅಡ್ಡಡ್ಡ ಇಳಿಯಬೇಕು. ಗೆಳೆಯನ ದುಬಾರಿ ಶೂ ಇಲ್ಲಿ ಏನೂ ಸಹಾಯ ಮಾಡಲಿಲ್ಲ.

ಆಮೇಲೆ ಒಂದು ಅಗಳ, ಅಂದರೆ ಗಡಿಯ ಕಂದಕ, ದಾಟಿದೆವು ನೋಡಿ, ನೆಲವೇ ಬೇರೆ! ಇನ್ಯಾರದೋ ಬೆಟ್ಟ, ಆಗಲೇ ಗುಡಿಸಿಯಾಗಿತ್ತು. ಕೆಂಪು ಮಣ್ಣಿನ ಮೇಲೆ ಪೊರಕೆಯ ಕಮಾನು ಗೆರೆಗಳು, ಒಂದರ ಪಕ್ಕ ಒಂದು. ಅಲ್ಲಲ್ಲಿ ದರಕಿನ ರಾಶಿ. ಪ್ರತಿ ಬೇರೂ ಕಾಣುತ್ತಿತ್ತು. ಇಬ್ಬರೂ ಓಡಿದೆವು, ನಿಜವಾಗಿ ಓಡಿದೆವು. ಮುಂದಿನ ಅಗಳದವರೆಗೆ. ಮತ್ತೆ ದರಕು, ಮತ್ತೆ ನಡಿಗೆ. ಅವತ್ತು ನಮ್ಮ ವೇಗ ಯಾವ ಮನೆಯವರು ಎಷ್ಟು ಗುಡಿಸಿದ್ದಾರೆ ಅನ್ನುವುದರ ಮೇಲೆ ನಿಂತಿತ್ತು. ಗೆಳೆಯನ ವಾಚು ಮಾತ್ರ ಪಾಪ, ನಾವು ಸುಸ್ತಾಗಿದ್ದೇವೆ ಅಂದುಕೊಂಡಿತು.

ನೆತ್ತಿಯ ತುದಿಯಲ್ಲಿ ಮರ ತೆಳುವಾಗಿ ಅಘನಾಶಿನಿ ಕಣಿವೆ ತೆರೆದುಕೊಳ್ಳುತ್ತದೆ. ಶಿರಸಿ ಸೀಮೆಯಲ್ಲೇ ಹುಟ್ಟಿ, ಅಣೆಕಟ್ಟೆಯ ಕಾಟವಿಲ್ಲದೆ ಉಂಚಳ್ಳಿಯಲ್ಲಿ 116 ಮೀಟರ್ ಧುಮುಕಿ, ತದಡಿ ಹತ್ತಿರ ಸಮುದ್ರ ಸೇರುವ ನದಿ. ಈ ಕಣಿವೆಯ ಕಾಡು ಸಿಂಗಳೀಕಗಳ ಮನೆ. 2011ರಲ್ಲಿ ಅವುಗಳಿಗಾಗಿಯೇ ಸಂರಕ್ಷಿತ ಪ್ರದೇಶ ಘೋಷಿಸಿದರು. ನಮಗೆ ಒಂದೂ ಕಾಣಲಿಲ್ಲ. ಕಂಡದ್ದು ಮಂಗಟ್ಟೆ ಹಕ್ಕಿಯ ಜೋಡಿ. ನೋಡುವ ಮುಂಚೆ ಕೇಳಿದ್ದು ರೆಕ್ಕೆಯ ಸುಯ್ ಸುಯ್ ಸದ್ದು.

ಇಳಿಯುವಾಗ ಬೇಲಿಯ ಉಣಗೋಲು ಸರಿಸಿ, ದಾಟಿ, ಮತ್ತೆ ಹಾಕುತ್ತಿದ್ದೆವು. ಆಚೆ ಬುಟ್ಟಿ ಹಿಡಿದು ನಿಂತಿದ್ದ ಅಜ್ಜ ನಮ್ಮ ಚಡ್ಡಿ, ಬೆವರು ಎಲ್ಲ ನೋಡಿದರು.

“ಎಂತ, ದನ ತಪ್ಪಿಸ್ಕಂಡಿದ್ದಾ?”

“ಇಲ್ಲ ಅಜ್ಜ, ಸುಮ್ನೆ ಓಡ್ತಾ ಇದ್ದೇವೆ.”

ಅವರಿಗೆ ಅದು ಅಷ್ಟೇನೂ ಹಿಡಿಸಿದ ಹಾಗೆ ಕಾಣಲಿಲ್ಲ. ಆದರೂ ಮನೆಗೆ ಕರೆದು ಕಷಾಯ ಕೊಟ್ಟರು. ಮಳೆಗಾಲದಲ್ಲಿ ಬರಬಹುದಾ ಅಂತ ಗೆಳೆಯ ಕೇಳಿದ. “ಬನ್ನಿ, ಉಂಬಳಕ್ಕೂ ಊಟ ಆಗ್ತದೆ” ಅಂದರು. ಉಂಬಳ ಅಂದರೆ ರಕ್ತ ಹೀರುವ ಜಿಗಣೆ. ಆಮೇಲೆ ಆಚೆ ಗುಡ್ಡ ತೋರಿಸಿ, ಅಲ್ಲಿ ಇನ್ನೂ ಗುಡಿಸಿಲ್ಲ, ಫೆಬ್ರವರಿ ನಡುವೆ ಬಂದರೆ ದಾರಿ ಪೂರ್ತಿ ಖುಲ್ಲಾ ಇರ್ತದೆ ಅಂದರು. ಗೆಳೆಯ ಅಲ್ಲೇ ಫೋನು ತೆಗೆದು ರಜೆ ಲೆಕ್ಕ ಹಾಕತೊಡಗಿದ.